ಥಾಯ್ಲೆಂಡ್‌ಗೆ ಹೊರಟವರ ಕೈಖರ್ಚು: ಎಷ್ಟು ಬೇಕು, ಯಾವ ರೂಪದಲ್ಲಿ ಒಯ್ಯಬೇಕು

ಟಿಕೆಟ್ ಆಗಿದೆ, ಹೋಟೆಲ್‌ಗೆ ದುಡ್ಡು ಕಟ್ಟಿಯಾಗಿದೆ. ಇನ್ನು ಉಳಿದದ್ದು ಅಲ್ಲಿ ಇಳಿದ ಮೇಲೆ ಊಟ, ಓಡಾಟ, ಪ್ರವೇಶ ಶುಲ್ಕ, ಖರೀದಿಗೆ ಬೇಕಾಗುವ ಹಣ. ಪ್ರವಾಸದ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಭಾಗದಲ್ಲೇ. ಟಿಕೆಟ್ ದುಬಾರಿಯಾದರೂ ಅದರ ಬೆಲೆ ಮೊದಲೇ ಗೊತ್ತು, ಒಂದೇ ಸಲ ಕಟ್ಟಿ ಮುಗಿಯುತ್ತದೆ. ಕೈಖರ್ಚು ಹಾಗಲ್ಲ, ದಿನಕ್ಕೆ ಹದಿನೈದು–ಇಪ್ಪತ್ತು ಸಲ ಚೂರು ಚೂರಾಗಿ ಹೋಗುತ್ತದೆ. ಅದೂ ನಮಗೆ ಬೆಲೆಯ ಅಂದಾಜೇ ಇಲ್ಲದ ನಾಣ್ಯದಲ್ಲಿ.

ಆದ್ದರಿಂದ ಲೆಕ್ಕವನ್ನು ಥಾಯ್ಲೆಂಡ್‌ನ ನಾಣ್ಯವಾದ ಬಾತ್‌ನಲ್ಲಿ ಶುರುಮಾಡಿ, ರೂಪಾಯಿಗೆ ಕೊನೆಯಲ್ಲಿ ಬನ್ನಿ. ‘ತಲೆಗೆ ಐವತ್ತು ಸಾವಿರ ರೂಪಾಯಿ’ ಎಂದು ಶುರುಮಾಡಿದರೆ ಆ ಐವತ್ತು ಸಾವಿರಕ್ಕೆ ಅಲ್ಲಿ ಏನು ಬರುತ್ತದೆ ಎಂಬುದೂ ತಿಳಿಯುವುದಿಲ್ಲ, ರೂಪಾಯಿ ಬಾತ್ ಆಗುವ ದಾರಿಯಲ್ಲಿ ಎಷ್ಟು ಸೋರಿತು ಎಂಬುದೂ ಕಾಣುವುದಿಲ್ಲ.

ಇಲ್ಲಿ ಒಂದು ಕುಟುಂಬದ ಲೆಕ್ಕವನ್ನು ಪೂರ್ತಿ ಹಾಕಿ ತೋರಿಸುತ್ತೇವೆ. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗು. ಬೆಂಗಳೂರಿನಿಂದ ಹೊರಟು ಬ್ಯಾಂಕಾಕ್‌ನಲ್ಲಿ ಮೂರು ರಾತ್ರಿ, ದಕ್ಷಿಣದ ಕಡಲತೀರದ ಕ್ರಾಬಿಯ ಆವೊ ನಾಂಗ್‌ನಲ್ಲಿ ನಾಲ್ಕು ರಾತ್ರಿ. ವಿಮಾನ, ಹೋಟೆಲ್, ಪ್ರವಾಸ ವಿಮೆ ಎಲ್ಲಕ್ಕೂ ಮೊದಲೇ ಹಣ ಕೊಟ್ಟಾಗಿದೆ, ಬೆಳಗಿನ ತಿಂಡಿ ಹೋಟೆಲ್‌ನಲ್ಲೇ ಇದೆ ಎಂದುಕೊಳ್ಳೋಣ. ಬೆಲೆಗಳು 2025ರ ಆಸುಪಾಸಿನವು. ಹೊರಡುವ ವಾರ ಒಮ್ಮೆ ತಾಳೆ ನೋಡಿಕೊಳ್ಳಿ.

ದಿನದ ಖರ್ಚು

ಕೈಖರ್ಚನ್ನು ಮೂರು ಪಾಲು ಮಾಡಿ: ದಿನ ದಿನವೂ ಆಗುವುದು, ಒಮ್ಮೆ ಮಾತ್ರ ಆಗುವುದು, ಖರೀದಿ. ಮೂರನ್ನೂ ಒಂದೇ ಮೊತ್ತದಲ್ಲಿ ಕಲಸಿದರೆ ಮೂರನೇ ದಿನ ಅರ್ಧ ದುಡ್ಡು ಖಾಲಿಯಾದಾಗ ಅದು ದುಂದೋ, ದೊಡ್ಡ ಖರ್ಚುಗಳು ಮೊದಲೇ ಬಂದು ಹೋದದ್ದೋ ಗೊತ್ತಾಗುವುದಿಲ್ಲ.

ದಿನದ ಖರ್ಚಿನಲ್ಲಿ ದೊಡ್ಡದು ಊಟ. ಬ್ಯಾಂಕಾಕ್‌ನ ಮಾಲ್‌ಗಳ ಫುಡ್ ಕೋರ್ಟ್‌ನಲ್ಲಿ ಒಂದು ತಟ್ಟೆ ಊಟ 60ರಿಂದ 100 ಬಾತ್. ಬೀದಿ ಬದಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಭಾರತೀಯ ಹೋಟೆಲ್‌ಗೆ ಹೋದರೆ ಒಬ್ಬರಿಗೆ 250ರಿಂದ 400 ಬಾತ್. ಇಲ್ಲೇ ನಮ್ಮವರ ಲೆಕ್ಕ ಬೇರೆಯವರ ಲೆಕ್ಕಕ್ಕಿಂತ ಬೇರೆಯಾಗುವುದು. ‘ಥಾಯ್ಲೆಂಡ್‌ನಲ್ಲಿ ಊಟ ಅಗ್ಗ’ ಎಂಬ ಮಾತು ಎಲ್ಲವನ್ನೂ ತಿನ್ನುವವರಿಗೆ ಸರಿ. ಶುದ್ಧ ಸಸ್ಯಾಹಾರಿಗಳು ಊಟದ ಬಾಬತ್ತನ್ನು ಸುಮಾರು ಎರಡು ಪಟ್ಟು ಇಟ್ಟುಕೊಳ್ಳಬೇಕು. ತರಕಾರಿ ಹುರಿದ ಅನ್ನಕ್ಕೂ ಮೀನಿನ ಸಾಸ್ ಬೀಳುವುದು ಅಲ್ಲಿ ಸಾಮಾನ್ಯ, ಹಾಗಾಗಿ ಭಾರತೀಯ ಹೋಟೆಲ್ ಅನಿವಾರ್ಯವಾಗುತ್ತದೆ. ಕಡಿಮೆ ಖರ್ಚಿನ ದಾರಿ ಒಂದಿದೆ. ಹಳದಿ ಫಲಕದ ಮೇಲೆ ಕೆಂಪು ಥಾಯ್ ಅಕ್ಷರದಲ್ಲಿ ‘ಜೇ’ (เจ) ಗುರುತಿರುವ ಅಂಗಡಿಗಳನ್ನು ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಬೆಲೆ ಬೀದಿ ಊಟದಷ್ಟೇ.

ನಮ್ಮ ಕುಟುಂಬ ಮಧ್ಯಾಹ್ನ ಫುಡ್ ಕೋರ್ಟ್‌ನಲ್ಲಿ, ರಾತ್ರಿ ಭಾರತೀಯ ಹೋಟೆಲ್‌ನಲ್ಲಿ ಉಣ್ಣುತ್ತದೆ ಎಂದಿಟ್ಟುಕೊಂಡರೆ ಮೂವರಿಗೆ ದಿನಕ್ಕೆ:

ಮಧ್ಯಾಹ್ನದ ಊಟ, ಜ್ಯೂಸ್ ಸೇರಿ: 360
ರಾತ್ರಿ ಊಟ: 900
ನೀರು, ಕಾಫಿ, ಹಣ್ಣು, ಐಸ್‌ಕ್ರೀಮ್: 240
ಓಡಾಟ: 400
ಬಿಡಿ ಖರ್ಚು: 100
ಒಟ್ಟು: 2,000 ಬಾತ್

ಮೂರನೇ ಸಾಲನ್ನು ಬಹಳ ಜನ ಬರೆಯುವುದೇ ಇಲ್ಲ. ಸೆವೆನ್ ಇಲೆವೆನ್‌ನಲ್ಲಿ ಸಣ್ಣ ನೀರಿನ ಬಾಟಲಿಗೆ 7–10 ಬಾತ್ ಅಷ್ಟೇ. ಆದರೆ ಆ ಸೆಖೆಯಲ್ಲಿ ಮೂವರು ದಿನಕ್ಕೆ ಎಂಟು ಬಾಟಲಿ ಕುಡಿಯುತ್ತಾರೆ, ನಡುವೆ ಎಳನೀರು 40–60 ಬಾತ್‌ನಂತೆ, ಮಗುವಿಗೆ ಐಸ್‌ಕ್ರೀಮ್. ಒಂದೂವರೆ ಲೀಟರ್ ಬಾಟಲಿ ಕೊಂಡು ಸಣ್ಣದಕ್ಕೆ ತುಂಬಿಸಿಕೊಂಡರೆ ಈ ಸಾಲು ಸ್ವಲ್ಪ ಇಳಿಯುತ್ತದೆ.

ಓಡಾಟದಲ್ಲಿ ಬ್ಯಾಂಕಾಕ್‌ನ ಬಿಟಿಎಸ್ (ಮೆಟ್ರೊ) ರೈಲು 17 ಬಾತ್‌ನಿಂದ ಶುರುವಾಗಿ ದೂರಕ್ಕೆ ತಕ್ಕಂತೆ 60ರ ಆಚೆಗೂ ಹೋಗುತ್ತದೆ. ಚಾವೊ ಫ್ರಾಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿಗೆ ಎಷ್ಟೇ ದೂರವಾದರೂ 16 ಬಾತ್. ಅದೇ ನಿಲ್ದಾಣದಲ್ಲಿ ಪ್ರವಾಸಿಗರನ್ನು ಕರೆಯುವ ನೀಲಿ ಬಾವುಟದ ದೋಣಿಗೆ ಹೆಚ್ಚು ಕೊಡಬೇಕು. ಮೂವರಿದ್ದರೆ ರೈಲಿಗಿಂತ ಮೀಟರ್ ಟ್ಯಾಕ್ಸಿಯೇ ಎಷ್ಟೋ ಸಲ ಅಗ್ಗ. ಮೀಟರ್ 35 ಬಾತ್‌ಗೆ ಶುರುವಾಗುತ್ತದೆ. ಮೂವರ ರೈಲು ಟಿಕೆಟ್ 120 ಬಾತ್ ಆಗುವ ಕಡೆ ಟ್ಯಾಕ್ಸಿ ನೂರರೊಳಗೆ ಮುಗಿಯಬಹುದು, ಸಂಜೆಯ ಟ್ರಾಫಿಕ್ ಹೊತ್ತನ್ನು ಬಿಟ್ಟು. ಟುಕ್‌ಟುಕ್ ನಮ್ಮ ಆಟೊದಂತೆ ಕಂಡರೂ ಪ್ರವಾಸಿಗರಿಗೆ ಟ್ಯಾಕ್ಸಿಗಿಂತ ದುಬಾರಿ. ‘ಅರಮನೆ ಇವತ್ತು ಮುಚ್ಚಿದೆ, 20 ಬಾತ್‌ಗೆ ಊರೆಲ್ಲ ಸುತ್ತಿಸುತ್ತೇನೆ’ ಎಂದು ಯಾರಾದರೂ ಕರೆದರೆ ಆ ಸವಾರಿ ನಿಲ್ಲುವುದು ಕಮಿಷನ್ ಕೊಡುವ ಹರಳಿನ ಅಂಗಡಿ, ಬಟ್ಟೆ ಅಂಗಡಿಗಳ ಮುಂದೆ. ಹತ್ತಬೇಡಿ.

ಆವೊ ನಾಂಗ್‌ನಲ್ಲಿ ಓಡಾಟ ಕಡಿಮೆ, ಊಟ ತುಸು ಜಾಸ್ತಿ. ಮೊತ್ತ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಅಲ್ಲೂ 2,000 ಇಟ್ಟುಕೊಳ್ಳಿ.

ಎಷ್ಟು ದಿನ ಎಂದು ಎಣಿಸುವಾಗ ರಾತ್ರಿಗಳನ್ನು ಎಣಿಸಬೇಡಿ. ಬೆಂಗಳೂರಿನಿಂದ ನಡುರಾತ್ರಿ ಹೊರಟ ವಿಮಾನ ಬೆಳ್ಳಂಬೆಳಗ್ಗೆ ಇಳಿಸುತ್ತದೆ (ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ), ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೆ. ಆ ಬೆಳಗಿನ ತಿಂಡಿ ಹೋಟೆಲ್ ಲೆಕ್ಕದಲ್ಲಿ ಇರುವುದಿಲ್ಲ. ಏಳು ರಾತ್ರಿ ಎಂದರೆ ಎಂಟು ದಿನದ ಖರ್ಚು. 8 × 2,000 = 16,000 ಬಾತ್.

ಒಮ್ಮೆ ಮಾತ್ರ ಬರುವ ಖರ್ಚು

ಇದಕ್ಕೆ ಪ್ರವಾಸದ ದಿನಚರಿಯನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಬರೆಯಬೇಕು. ವಿಮಾನ ನಿಲ್ದಾಣದಿಂದ ಶುರುಮಾಡಿ. ಬ್ಯಾಂಕಾಕ್‌ನ ಸುವರ್ಣಭೂಮಿ ನಿಲ್ದಾಣದಿಂದ ಊರೊಳಗೆ ಮೀಟರ್ ಟ್ಯಾಕ್ಸಿಗೆ ಮೀಟರ್ ಮೊತ್ತದ ಮೇಲೆ 50 ಬಾತ್ ನಿಲ್ದಾಣ ಶುಲ್ಕ, ಎಕ್ಸ್‌ಪ್ರೆಸ್‌ವೇ ಟೋಲ್ ಬೇರೆ. ಎಲ್ಲ ಸೇರಿ 350–450. ಒಬ್ಬಿಬ್ಬರೇ ಇದ್ದು ಸಾಮಾನು ಕಡಿಮೆಯಿದ್ದರೆ ಏರ್‌ಪೋರ್ಟ್ ರೈಲಿನಲ್ಲಿ ಊರೊಳಗಿನ ಫಯಾ ಥಾಯ್‌ವರೆಗೆ ತಲೆಗೆ 45 ಬಾತ್. ಕ್ರಾಬಿ ವಿಮಾನ ನಿಲ್ದಾಣದಿಂದ ಆವೊ ನಾಂಗ್‌ಗೆ ಟ್ಯಾಕ್ಸಿ ಸುಮಾರು 600, ಬಸ್ಸಾದರೆ ತಲೆಗೆ 150. ಹೋಗುವುದು, ಬರುವುದು, ಬ್ಯಾಂಕಾಕ್‌ನಲ್ಲಿ ಮತ್ತೆ ವಿಮಾನ ನಿಲ್ದಾಣಕ್ಕೆ, ಎಲ್ಲ ಸೇರಿ 2,050 ಎಂದು ಬರೆಯಿರಿ.

ಬ್ಯಾಂಕಾಕ್‌ನ ಅರಮನೆ, ದೇಗುಲಗಳಿಗೆ ವಿದೇಶಿಯರಿಗೆ ಬೇರೆ ದರ. ಗ್ರ್ಯಾಂಡ್ ಪ್ಯಾಲೇಸ್ 500 ಬಾತ್, ವಾಟ್ ಫೋ 300, ವಾಟ್ ಅರುಣ್ 200. ಗ್ರ್ಯಾಂಡ್ ಪ್ಯಾಲೇಸ್‌ನಲ್ಲಿ ಮಕ್ಕಳಿಗೆ ವಿನಾಯಿತಿ ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ: 120 ಸೆಂಟಿಮೀಟರಿಗಿಂತ ಕೆಳಗಿದ್ದರೆ ಉಚಿತ. ಒಂಬತ್ತು ವರ್ಷದ ಮಗು ಸಾಮಾನ್ಯವಾಗಿ ಅದನ್ನು ದಾಟಿರುತ್ತದೆ. ಮನೆಯಲ್ಲೇ ಅಳೆದು ನೋಡಿ. ಮಗುವಿಗೂ ಪೂರ್ತಿ ಟಿಕೆಟ್ ಹಿಡಿದರೆ ಈ ಮೂರು ಕಡೆಗೆ ಒಟ್ಟು 3,000 ಬಾತ್. ಅರಮನೆಯ ಒಳಗೆ ಚಡ್ಡಿ, ತೋಳಿಲ್ಲದ ಅಂಗಿಗೆ ಪ್ರವೇಶವಿಲ್ಲ. ಗೊತ್ತಿಲ್ಲದೆ ಹೋದವರು ಬಾಗಿಲ ಬಳಿಯ ಅಂಗಡಿಯಲ್ಲಿ ಪೈಜಾಮ ಕೊಳ್ಳಬೇಕಾಗುತ್ತದೆ.

ಕ್ರಾಬಿಯಲ್ಲಿ ದೊಡ್ಡ ಬಾಬತ್ತು ಫೀ ಫೀ ದ್ವೀಪಗಳ ಸ್ಪೀಡ್‌ಬೋಟ್ ಪ್ರವಾಸ. ದೊಡ್ಡವರಿಗೆ 1,500, ಮಗುವಿಗೆ 1,000 ಎಂದು ಹಿಡಿಯೋಣ. ಬೋರ್ಡಿನ ಮೇಲೆ ಕಾಣುವ ಬೆಲೆಯಲ್ಲಿ ರಾಷ್ಟ್ರೀಯ ಉದ್ಯಾನದ ಶುಲ್ಕ ಹಲವು ಸಲ ಸೇರಿರುವುದಿಲ್ಲ. ಅದು ದೊಡ್ಡವರಿಗೆ 400, ಮಗುವಿಗೆ 200, ದೋಣಿ ಹತ್ತುವ ಮುಂಚೆ ನಗದಾಗಿ ಕೊಡಬೇಕು. ಬುಕ್ ಮಾಡುವಾಗ ‘ಪಾರ್ಕ್ ಫೀ ಸೇರಿದೆಯೇ’ ಎಂದು ಕೇಳಿ, ಸೇರಿದ್ದರೆ ರಸೀದಿಯಲ್ಲಿ ಬರೆಸಿಕೊಳ್ಳಿ. ಎಲ್ಲ ಸೇರಿ 5,000 ಬಾತ್. ಆವೊ ನಾಂಗ್ ಹತ್ತಿರದ ‘ರೈಲೇ’ (Railay) ಎಂಬ ಕಡಲತೀರಕ್ಕೆ ರಸ್ತೆಯಿಲ್ಲ. ಉದ್ದಬಾಲದ ದೋಣಿಗೆ ತಲೆಗೆ ಒಂದು ಕಡೆಗೆ ಸುಮಾರು 100, ಮೂವರು ಹೋಗಿ ಬರಲು 600. ಸಂಜೆ ಆರರ ಮೇಲೆ ದರ ಏರುತ್ತದೆ. ದೋಣಿ ತುಂಬದಿದ್ದರೆ ಖಾಲಿ ಸೀಟಿನ ದುಡ್ಡನ್ನೂ ಇದ್ದವರೇ ಹಂಚಿಕೊಳ್ಳಬೇಕು. ಬೆಳಕಿರುವಾಗಲೇ ವಾಪಸ್ ಹೊರಡಿ.

ಇಬ್ಬರಿಗೆ ಪ್ರವಾಸಿ ಸಿಮ್ 600, ಒಂದು ಗಂಟೆಯ ಥಾಯ್ ಮಸಾಜ್ ಇಬ್ಬರಿಗೆ, ಟಿಪ್ಸ್ ಸೇರಿ 800. ಸಿಮ್ ಕೊಂಡರೂ ನಮ್ಮ ಊರಿನ ನಂಬರಿನ ಡೇಟಾ ರೋಮಿಂಗ್ ಬಂದ್ ಮಾಡುವುದನ್ನು ಮರೆಯಬೇಡಿ. ಒಂದು ಕೆಲಸಕ್ಕೆ ಮಾತ್ರ ಸೊನ್ನೆ ಬರೆಯಿರಿ: 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವವರೆಲ್ಲ ಆನ್‌ಲೈನ್‌ನಲ್ಲಿ ಆಗಮನ ಪತ್ರ (ಟಿಡಿಎಸಿ) ತುಂಬಬೇಕು. ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ ತುಂಬುವಂಥದ್ದು, ಅದಕ್ಕೆ ಶುಲ್ಕವೇ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ.

ಈ ಪಾಲಿನ ಮೊತ್ತ 12,050 ಬಾತ್.

ಖರೀದಿಗೆ ಮಾತ್ರ ಲೆಕ್ಕ ಹಾಕುವುದಲ್ಲ, ಮಿತಿ ಹಾಕುವುದು. ಇಲ್ಲಿ 8,000 ಎಂದಿಟ್ಟಿದ್ದೇವೆ. ಯಾರ್ಯಾರಿಗೆ ಏನು ತರಬೇಕು ಎಂದು ಮನೆಯಲ್ಲೇ ಹೆಸರಿನ ಸಮೇತ ಬರೆದುಕೊಂಡರೆ ಈ ಮಿತಿ ನಿಲ್ಲುತ್ತದೆ. ಮಾರುಕಟ್ಟೆಯಲ್ಲಿ ನಿಂತು ನೆಂಟರನ್ನು ನೆನಪಿಸಿಕೊಳ್ಳಲು ಹೋದರೆ ಖಂಡಿತ ನಿಲ್ಲುವುದಿಲ್ಲ.

ಇನ್ನು ಮೀಸಲು. ಮೊದಲ ಎರಡು ಪಾಲಿನ ಮೇಲೆ ಶೇ 15, ಅಂದರೆ ಸುಮಾರು 4,200. ಖರೀದಿಯ ಮೇಲೆ ಮೀಸಲು ಬೇಡ. ಇಟ್ಟರೆ ಅದೂ ಖರೀದಿಗೇ ಹೋಗುತ್ತದೆ. ಮೇನಿಂದ ಅಕ್ಟೋಬರ್‌ವರೆಗೆ ಕ್ರಾಬಿ ಇರುವ ಅಂಡಮಾನ್ ಕಡಲ ಕಡೆ ಮಳೆಗಾಲ. ನಮ್ಮ ದಸರಾ ರಜೆಗೆ ಹೋಗುವವರಿಗೆ ಕ್ರಾಬಿಯಲ್ಲಿ ಹೋಟೆಲ್ ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಅಲೆ ಎದ್ದು ದೋಣಿ ರದ್ದಾದರೆ ದಿನಚರಿ ಬದಲಾಗಿ ಹೊಸ ಖರ್ಚು ಹುಟ್ಟುತ್ತದೆ. ಆ ಕಾಲದಲ್ಲಿ ಮೀಸಲನ್ನು ಶೇ 20ಕ್ಕೆ ಏರಿಸಿ. ದೋಣಿ ಪ್ರವಾಸಕ್ಕೆ ಮೊದಲೇ ಪೂರ್ತಿ ಹಣ ಕಟ್ಟಬೇಡಿ.

16,000 + 12,050 + 8,000 + 4,200 = 40,250 ಬಾತ್.

ಈಗ ರೂಪಾಯಿ. ಮಾರುಕಟ್ಟೆ ದರ ಬಾತ್‌ಗೆ 2.80 ರೂಪಾಯಿ ಇದೆ ಎಂದುಕೊಳ್ಳಿ. ಬಜೆಟ್ ಮಾಡುವಾಗ 2.80ರಿಂದ ಗುಣಿಸಬೇಡಿ, 3ರಿಂದ ಗುಣಿಸಿ: 1,20,750 ರೂಪಾಯಿ. ಆ ಇಪ್ಪತ್ತು ಪೈಸೆಯೊಳಗೆ ವಿನಿಮಯದ ಸೋರಿಕೆ ಅಡಗುತ್ತದೆ. ಅಂಗಡಿ ಮುಂದೆ ನಿಂತಾಗ ಬಾಯಿಲೆಕ್ಕಕ್ಕೂ ಮೂರೇ ಸುಲಭ.

ರೂಪಾಯಿ ಎಲ್ಲಿ ಸೋರುತ್ತದೆ

ಗೂಗಲ್‌ನಲ್ಲಿ ಕಾಣುವ ದರಕ್ಕೆ ಯಾರೂ ಹಣ ಕೊಡುವುದಿಲ್ಲ. ಯಾವ ದಾರಿ ಅಗ್ಗ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು. ಎಲ್ಲ ಶುಲ್ಕ ಸೇರಿ ಕೈಬಿಟ್ಟ ರೂಪಾಯಿಯನ್ನು ಕೈಗೆ ಬಂದ ಬಾತ್‌ನಿಂದ ಭಾಗಿಸಿ. ‘ಕಮಿಷನ್ ಇಲ್ಲ’ ಎಂಬ ಬೋರ್ಡಿಗೆ ಬೆಲೆ ಕೊಡಬೇಡಿ, ಕಮಿಷನ್ ದರದೊಳಗೇ ಕೂತಿರುತ್ತದೆ.

ಉದಾಹರಣೆಗೆ ಬೆಂಗಳೂರಿನ ಮನಿ ಚೇಂಜರ್ ನೇರವಾಗಿ ಬಾತ್ ನೋಟನ್ನು 2.95ಕ್ಕೆ ಕೊಟ್ಟರೆ ನಷ್ಟ ಶೇ 5ಕ್ಕಿಂತ ಹೆಚ್ಚು. ಅದೇ ಅಂಗಡಿ ಡಾಲರನ್ನು, ಮಾರುಕಟ್ಟೆ ದರ 90 ಇರುವಾಗ, 91ಕ್ಕೆ ಕೊಟ್ಟು, ಬ್ಯಾಂಕಾಕ್‌ನ ಒಳ್ಳೆಯ ಕೌಂಟರಿನಲ್ಲಿ ಆ ಡಾಲರಿಗೆ 31.9 ಬಾತ್ ಸಿಕ್ಕರೆ ಬಾತ್ ಬಿದ್ದದ್ದು 2.85ಕ್ಕೆ, ನಷ್ಟ ಶೇ 2ರೊಳಗೆ. ಎರಡು ಸಲ ಬದಲಾಯಿಸಿದರೂ ಡಾಲರ್ ದಾರಿ ಅಗ್ಗವಾಗಲು ಕಾರಣ ಸರಳ. ಡಾಲರ್ ಎಲ್ಲೆಡೆ ಕೈ ಬದಲಾಗುವ ನೋಟು, ಅಂಗಡಿಯವನು ಅದನ್ನು ಹೆಚ್ಚು ದಿನ ಇಟ್ಟುಕೊಂಡು ಕೂರಬೇಕಿಲ್ಲ. ಬಾತ್ ನಮ್ಮಲ್ಲಿ ಹಾಗೆ ಓಡುವುದಿಲ್ಲ. ರೂಪಾಯಿ ನೋಟನ್ನೇ ಒಯ್ದು ಅಲ್ಲಿ ಬದಲಾಯಿಸುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ನಷ್ಟದ ದಾರಿ.

ಡಾಲರ್ ಕೊಳ್ಳುವಾಗ 100ರ ನೋಟುಗಳನ್ನೇ ಕೇಳಿ, ಅದರಲ್ಲೂ ನೀಲಿ ಪಟ್ಟಿಯ ಹೊಸ ಮಾದರಿಯನ್ನು (2013ರಿಂದ ಚಲಾವಣೆಗೆ ಬಂದದ್ದು). ಬ್ಯಾಂಕಾಕ್‌ನ ಕೌಂಟರುಗಳಲ್ಲಿ 100ರ ನೋಟಿಗೆ ಒಂದು ದರ, 20, 10, 1ರ ನೋಟುಗಳಿಗೆ ಅದಕ್ಕಿಂತ ಕಡಿಮೆ ದರ. ಹರಿದ, ಗೀಚಿದ, ಮುದ್ರೆ ಬಿದ್ದ ನೋಟನ್ನು ವಾಪಸ್ ಕೊಡುತ್ತಾರೆ. ಎಣಿಸಿಕೊಳ್ಳುವಾಗಲೇ ನೋಡಿ ಬದಲಾಯಿಸಿಕೊಳ್ಳಿ.

ಇನ್ನು ಕಾರ್ಡ್. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳ ಮೇಲೆ ವಿದೇಶಿ ವಹಿವಾಟಿಗೆ ಶೇ 3.5 ಮಾರ್ಕಪ್ (ದರದ ಮೇಲೆ ಬ್ಯಾಂಕ್ ಸೇರಿಸುವ ಶುಲ್ಕ), ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ಶೇ 4.13. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ಬ್ಯಾಂಕಿನ ಶುಲ್ಕಪಟ್ಟಿ ತೆಗೆದು ನಿಮ್ಮ ಕಾರ್ಡ್ ಯಾವುದೆಂದು ನೋಡಿ. ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡ್) ಆದರೆ ಅದಕ್ಕೆ ಬಾತ್ ತುಂಬಿಸಲು ಬರುತ್ತದೆಯೇ ಎಂದು ಕೇಳಿ. ಡಾಲರ್ ತುಂಬಿಸಿ ಬಾತ್‌ನಲ್ಲಿ ಖರ್ಚು ಮಾಡಿದರೆ ಹಲವು ಕಾರ್ಡ್‌ಗಳು ಪ್ರತಿ ಸ್ವೈಪ್‌ಗೂ ನಾಣ್ಯ ಬದಲಾವಣೆಯ ಶುಲ್ಕ ಕಡಿಯುತ್ತವೆ. ‘ಫಾರೆಕ್ಸ್ ಕಾರ್ಡ್ ತಾನೇ’ ಎಂದು ನಿಶ್ಚಿಂತೆಯಿಂದ ಉಜ್ಜುವವರು ಕ್ರೆಡಿಟ್ ಕಾರ್ಡ್‌ನಷ್ಟೇ ಕಳೆದುಕೊಳ್ಳುವುದು ಇಲ್ಲೇ.

ಎಟಿಎಂ ಅನ್ನು ಆಪತ್ತಿಗೆ ಮಾತ್ರ ಇಟ್ಟುಕೊಳ್ಳಿ. ವಿದೇಶಿ ಕಾರ್ಡ್‌ಗೆ ಥಾಯ್ ಬ್ಯಾಂಕುಗಳು ಪ್ರತಿ ಸಲ 220 ಬಾತ್ ಆಸುಪಾಸು ಶುಲ್ಕ ಹಿಡಿಯುತ್ತವೆ, ನಮ್ಮ ಬ್ಯಾಂಕಿನದು ಅದರ ಮೇಲೆ. 3,000 ಬಾತ್ ತೆಗೆದರೆ ಆ 220 ಅಂದರೆ ಶೇ 7ಕ್ಕಿಂತ ಹೆಚ್ಚು. 20,000 ತೆಗೆದರೆ ಶೇ 1ರ ಹತ್ತಿರ. ತೆಗೆಯಲೇಬೇಕಾದರೆ ಒಂದೇ ಸಲ ದೊಡ್ಡದಾಗಿ ತೆಗೆಯಿರಿ. ಕ್ರೆಡಿಟ್ ಕಾರ್ಡ್‌ನಿಂದ ನಗದು ತೆಗೆಯಲೇಬೇಡಿ, ಅದಕ್ಕೆ ಮೊದಲ ದಿನದಿಂದಲೇ ಬಡ್ಡಿ.

ಯಂತ್ರದ ಮುಂದೆ ಅಥವಾ ಅಂಗಡಿಯಲ್ಲಿ ‘ರೂಪಾಯಿಯಲ್ಲಿ ಕೊಡುತ್ತೀರೋ, ಬಾತ್‌ನಲ್ಲೋ’ ಎಂದು ಕೇಳಿದರೆ ಯಾವಾಗಲೂ ಬಾತ್ ಎನ್ನಿ. ರೂಪಾಯಿ ಮೊತ್ತ ಪರದೆಯ ಮೇಲೆ ಕಂಡಾಗ ಅದೇ ಸ್ಪಷ್ಟ, ಅದೇ ಸುರಕ್ಷಿತ ಅನ್ನಿಸುತ್ತದೆ. ಆದರೆ ಆ ದರ ಹಾಕುವವರು ಅಂಗಡಿಯ ಕಡೆಯ ಬ್ಯಾಂಕಿನವರು, ಅದರೊಳಗೆ ಅವರ ಲಾಭ ಸೇರಿರುತ್ತದೆ. ಕೆಲವು ಬ್ಯಾಂಕುಗಳು ವಿದೇಶದಲ್ಲಿ ರೂಪಾಯಿಯಲ್ಲಿ ಆದ ವಹಿವಾಟಿಗೂ ಮತ್ತೆ ಶುಲ್ಕ ಹಾಕುತ್ತವೆ. ಬಿಲ್ ಮೇಲೆ ‘ಐಎನ್‌ಆರ್’ (ರೂಪಾಯಿ) ಎಂದು ಕಂಡರೆ ಸಹಿ ಹಾಕದೆ ರದ್ದು ಮಾಡಿಸಿ, ‘ಟಿಎಚ್‌ಬಿ’ಯಲ್ಲಿ (ಬಾತ್‌ನಲ್ಲಿ) ಮತ್ತೆ ಹೊಡೆಸಿ.

ನಗದು ಎಷ್ಟು, ಕಾರ್ಡ್ ಎಷ್ಟು

ನಗದಿಲ್ಲದೆ ನಡೆಯದ ಬಾಬತ್ತುಗಳನ್ನು ಮೊದಲು ಗುರುತು ಹಾಕಿ: ಬೀದಿ ಊಟ, ಟ್ಯಾಕ್ಸಿ, ದೋಣಿ, ಉದ್ಯಾನ ಶುಲ್ಕ, ಮಸಾಜ್, ರಾತ್ರಿ ಮಾರುಕಟ್ಟೆ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ಇದ್ದರೂ ಇಷ್ಟಕ್ಕಿಂತ ಕಡಿಮೆ ಬಿಲ್ಲಿಗೆ ಇಲ್ಲ ಎನ್ನುತ್ತಾರೆ, ಇಲ್ಲವೇ ಶೇ 3 ಸೇರಿಸುತ್ತಾರೆ. ಗಾಡಿಗಳ ಮೇಲೂ ಅಂಟಿಸಿರುವ ಕ್ಯೂಆರ್ ಹಾಳೆ ನೋಡಿ ಮೋಸಹೋಗಬೇಡಿ. ಅದು ಅಲ್ಲಿನ ಬ್ಯಾಂಕುಗಳ ಪಾವತಿ ವ್ಯವಸ್ಥೆಯಾದ ಪ್ರಾಂಪ್ಟ್‌ಪೇಯದು. ಯುಪಿಐ ನಂಬಿಕೊಂಡು ಹೊರಡಬಾರದು.

ನಮ್ಮ 40,250ರಲ್ಲಿ ಸುಮಾರು 25,000 ನಗದು, 15,000 ಕಾರ್ಡ್. ನಗದಿಗೆ 800 ಡಾಲರ್ ಕೊಂಡರೆ 31.9ರ ದರದಲ್ಲಿ 25,520 ಬಾತ್ ಬರುತ್ತದೆ. 91ರಂತೆ 72,800 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದು ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ನ್ನು ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ ಶೇ 18 ಹಾಕುತ್ತಾರೆ, ಕನಿಷ್ಠ 45 ರೂಪಾಯಿ. ಇಲ್ಲಿ 131 ರೂಪಾಯಿ ಆಗುತ್ತದೆ. ಕಾರ್ಡ್‌ನ 15,000 ಬಾತ್‌ಗೆ ಶೇ 4.13 ಸೇರಿಸಿದರೆ 43,740 ರೂಪಾಯಿಯ ಹತ್ತಿರ. ಎರಡೂ ಸೇರಿ ಸುಮಾರು 1,16,700. ಮೂರರಿಂದ ಗುಣಿಸಿ ಇಟ್ಟ ಮೊತ್ತದಲ್ಲಿ ನಾಲ್ಕು ಸಾವಿರ ಉಳಿಯಿತು. ಹೊರಡುವ ಹೊತ್ತಿಗೆ ದರ ಏರಿದ್ದರೆ ಅದು ಅದಕ್ಕೆ.

ನಿಯಮಗಳನ್ನೂ ತಿಳಿದಿರಿ. ವಿದೇಶಿ ನೋಟು ಕೊಳ್ಳಲು ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಬೇಕು. ಪ್ರಯಾಣಕ್ಕೆ 60 ದಿನದೊಳಗೆ ಕೊಳ್ಳಬೇಕು. 50,000 ರೂಪಾಯಿ ದಾಟಿದರೆ ನಗದಾಗಿ ಕೊಡುವಂತಿಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ನಮ್ಮ 72,800 ಅದರಲ್ಲಿ ಬರುತ್ತದೆ. ಥಾಯ್ಲೆಂಡ್‌ನಂಥ ದೇಶಕ್ಕೆ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದವರೆಗೆ ನೋಟು ಒಯ್ಯಬಹುದು, ಅದರ ಮೇಲಿನದು ಕಾರ್ಡ್‌ನಲ್ಲಿರಬೇಕು. ವಾಪಸ್ ಬಂದಾಗ ಟ್ಯಾಕ್ಸಿಗೆಂದು ಇಟ್ಟುಕೊಳ್ಳುವ ರೂಪಾಯಿ ತಲೆಗೆ 25,000 ಮೀರಬಾರದು.

ಟಿಸಿಎಸ್ (ಹಣ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ) ಬಗ್ಗೆ ಗಾಬರಿ ಬೇಡ. ನೀವೇ ಕೊಳ್ಳುವ ಪ್ರವಾಸದ ವಿದೇಶಿ ಹಣಕ್ಕೆ 2025ರ ಏಪ್ರಿಲ್ 1ರಿಂದ ವರ್ಷಕ್ಕೆ ಒಬ್ಬರಿಗೆ 10 ಲಕ್ಷ ರೂಪಾಯಿವರೆಗೆ ಅದು ಇಲ್ಲ. ಆದರೆ ಏಜೆಂಟರ ಬಳಿ ವಿದೇಶ ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಇದೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುವುದರಿಂದ ಬುಕ್ ಮಾಡುವ ದಿನವೇ ಕೇಳಿ. ರಿಟರ್ನ್ ಸಲ್ಲಿಸುವಾಗ ಆ ಹಣವನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಕೈಯಲ್ಲಿರುವುದಿಲ್ಲ ಅಷ್ಟೇ.

ಹೊರಡುವ ಹಿಂದಿನ ವಾರ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್‌ನ ಅಂತರರಾಷ್ಟ್ರೀಯ ಬಳಕೆಯನ್ನು ಆನ್ ಮಾಡಿ, ಮಿತಿ ನಿಗದಿ ಮಾಡಿ. ಆರ್‌ಬಿಐ ನಿಯಮದಂತೆ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಕೆಲಸ ಮಾಡದ ಕಾರ್ಡ್‌ಗೆ ಹೆಚ್ಚಿನ ಸಲ ಕಾರಣ ಇದೇ. ಇಬ್ಬರ ಬಳಿ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ. ಓಟಿಪಿ ಬರುವ ಸಿಮ್ ಫೋನಿನಲ್ಲೇ ಇರಲಿ, ಡೇಟಾ ಬಂದ್ ಮಾಡಿದರೂ ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವಂತೆ ಮಾಡಿಕೊಳ್ಳಿ.

ಇಳಿದ ಮೇಲೆ

ಸುವರ್ಣಭೂಮಿಯಲ್ಲಿ ಹೊರಬರುವ ಮಹಡಿಯ ಕೌಂಟರುಗಳಲ್ಲಿ ದರ ಕೆಟ್ಟದಾಗಿರುತ್ತದೆ. ಲಿಫ್ಟ್ ಹಿಡಿದು ಏರ್‌ಪೋರ್ಟ್ ರೈಲು ಹೊರಡುವ ಬಿ ಮಹಡಿಗೆ ಇಳಿದರೆ ಊರಿನ ದರಕ್ಕೆ ಹತ್ತಿರದ ಕೌಂಟರುಗಳಿವೆ. ಅಲ್ಲಿ ಒಂದೆರಡು ನೂರರ ನೋಟು ಬದಲಾಯಿಸಿ, ಉಳಿದದ್ದನ್ನು ಊರೊಳಗೆ. ಪಾಸ್‌ಪೋರ್ಟ್ ಮೂಲ ಪ್ರತಿಯನ್ನೇ ಕೇಳುತ್ತಾರೆ. ಪೂರ್ತಿ ಡಾಲರನ್ನು ಬ್ಯಾಂಕಾಕ್‌ನಲ್ಲೇ ಮುಗಿಸಿ, ಕ್ರಾಬಿಯಂಥ ಪ್ರವಾಸಿ ಊರುಗಳಲ್ಲಿ ದರ ಕಡಿಮೆ. ಸಿಕ್ಕ 1,000ದ ನೋಟನ್ನು ಸೆವೆನ್ ಇಲೆವೆನ್‌ನಲ್ಲಿ ಒಡೆಸಿಕೊಳ್ಳಿ. ಟ್ಯಾಕ್ಸಿಯವರ ಬಳಿ ಚಿಲ್ಲರೆ ಇರುವುದಿಲ್ಲ, 20 ಮತ್ತು 100ರ ನೋಟು ಕೈಯಲ್ಲಿರಲಿ.

ಮಧ್ಯಮ ದರ್ಜೆಯ ಹಲವು ಹೋಟೆಲ್‌ಗಳು ರೂಮು ಕೊಡುವಾಗ 1,000ದಿಂದ 2,000 ಬಾತ್ ಠೇವಣಿ ಕೇಳುತ್ತವೆ. ಅದು ಖರ್ಚಲ್ಲ, ಬಿಡುವಾಗ ವಾಪಸ್ ಬರುತ್ತದೆ. ಆದರೆ ಲೆಕ್ಕದಲ್ಲಿ ಇಲ್ಲದಿದ್ದರೆ ಮೊದಲ ದಿನವೇ ಕೈ ಖಾಲಿಯಾಗುತ್ತದೆ. ಮೀಸಲಿನಿಂದ ನಗದಾಗಿ ಕೊಟ್ಟು ರಸೀದಿ ಪಡೆಯಿರಿ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್‌ನಲ್ಲಿ ಕೊಟ್ಟರೆ ಆ ಹಣ ಬಿಡುಗಡೆಯಾಗಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕು.

ಎಂಟು ಲಕೋಟೆ ಮಾಡಿ, ದಿನಕ್ಕೊಂದು. ಕಾರ್ಡ್‌ನಲ್ಲಿ ಕೊಡುವ ರಾತ್ರಿ ಊಟ ಬಿಟ್ಟು ಸುಮಾರು 1,100 ಬಾತ್ ಪ್ರತಿಯೊಂದರಲ್ಲಿ. ಒಮ್ಮೆಯ ಖರ್ಚಿನದು ಬೇರೆ ಲಕೋಟೆ, ಮೀಸಲು ಬೇರೆ, ಅದು ರೂಮಿನ ಲಾಕರ್‌ನಲ್ಲಿ. ದಿನದ ಲಕೋಟೆ ಮಾತ್ರ ಜೇಬಿಗೆ ಬರುತ್ತದೆ. ರಾತ್ರಿ ಮಲಗುವ ಮುಂಚೆ ಉಳಿದ ನೋಟು ಎಣಿಸಿ ಒಂದು ಸಾಲು ಬರೆದಿಟ್ಟರೆ ಸಾಕು, ಪ್ರತಿ ನೀರಿನ ಬಾಟಲಿಯನ್ನೂ ಬರೆಯಬೇಕಿಲ್ಲ. ಉಳಿದರೆ ಮರುದಿನಕ್ಕೆ ಸೇರಲಿ. ಮೀರಿದರೆ ಖರೀದಿಯ ಪಾಲಿನಿಂದ ತುಂಬಿ, ಮೀಸಲಿಗೆ ಕೈ ಹಾಕಬೇಡಿ.

ಹವಾನಿಯಂತ್ರಿತ ರೆಸ್ಟೋರೆಂಟ್‌ಗಳ ಮೆನುವಿನಲ್ಲಿ ಬೆಲೆಯ ಪಕ್ಕ ‘++’ ಕಂಡರೆ ಶೇ 10 ಸೇವಾ ಶುಲ್ಕ, ಅದರ ಮೇಲೆ ಶೇ 7 ವ್ಯಾಟ್ ಸೇರುತ್ತದೆ. 100 ಬಾತ್‌ನ ತಟ್ಟೆ ಬಿಲ್ಲಿನಲ್ಲಿ 117.70.

ಬೇರೆ ದೇಶಕ್ಕೂ ಇದೇ ಚೌಕಟ್ಟು ನಡೆಯುತ್ತದೆ, ಬದಲಾಗುವುದು ಅಡಗಿದ ಸಾಲುಗಳು. ಸಿಂಗಪುರದಲ್ಲಿ ‘++’ ಎಂದರೆ ಶೇ 10 ಸೇವಾ ಶುಲ್ಕ, ಶೇ 9 ಜಿಎಸ್‌ಟಿ. ಅಮೆರಿಕದಲ್ಲಿ ಮೆನುವಿನ ಬೆಲೆಗೆ ಮಾರಾಟ ತೆರಿಗೆಯೂ, ಶೇ 15–20 ಟಿಪ್ಸೂ ಸೇರುತ್ತವೆ. ಯುರೋಪಿನ ಬಹಳ ನಗರಗಳಲ್ಲಿ ತಲೆಗೆ, ರಾತ್ರಿಗೆ ಇಷ್ಟು ಎಂದು ನಗರ ತೆರಿಗೆಯನ್ನು ಹೋಟೆಲ್‌ನಲ್ಲೇ ಕಟ್ಟಬೇಕು.

ವಾಪಸ್ ಬರುವಾಗ

‘ವ್ಯಾಟ್ ರಿಫಂಡ್’ ಫಲಕವಿರುವ ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್‌ಗೆ ಕಡಿಮೆಯಿಲ್ಲದಂತೆ ಕೊಂಡಿದ್ದರೆ ತೆರಿಗೆಯ ಒಂದು ಭಾಗ ವಾಪಸ್ ಸಿಗುತ್ತದೆ. ಪಾಸ್‌ಪೋರ್ಟ್ ತೋರಿಸಿ ಫಾರಂ ಪಡೆಯುವುದು ಅಂಗಡಿಯಲ್ಲೇ, ಅದೇ ದಿನ. ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಒಪ್ಪಿಸುವ ಮೊದಲು, ಕೊಂಡದ್ದು 20,000 ಬಾತ್ ಅಥವಾ ಅದಕ್ಕಿಂತ ಹೆಚ್ಚಿನದಾಗಿದ್ದರೆ, ಕಸ್ಟಮ್ಸ್ ಕೌಂಟರಿಗೆ ಹೋಗಬೇಕು. ಸಾಮಾನು ಬೆಲ್ಟಿನ ಮೇಲೆ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಕೊನೆಯ ದಿನಕ್ಕೆ ಟ್ಯಾಕ್ಸಿ, ಊಟ ಸೇರಿ 1,500 ಬಾತ್ ಇಟ್ಟುಕೊಂಡು ನಾಣ್ಯಗಳನ್ನು ಮೊದಲು ಖರ್ಚು ಮಾಡಿ, ಅವನ್ನು ಯಾವ ಕೌಂಟರೂ ತೆಗೆದುಕೊಳ್ಳುವುದಿಲ್ಲ. ಮುಟ್ಟದೆ ಉಳಿದ ಡಾಲರ್ ನೋಟನ್ನು ಬಾತ್ ಮಾಡದೆ ಹಾಗೇ ತನ್ನಿ. 2,000 ಡಾಲರ್ ಮೌಲ್ಯದವರೆಗೆ ಮುಂದಿನ ಪ್ರವಾಸಕ್ಕೆಂದು ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರಿಗೋ ಒಪ್ಪಿಸಬೇಕು. ಫಾರೆಕ್ಸ್ ಕಾರ್ಡ್‌ನಲ್ಲಿ ಹಣ ಉಳಿದಿದ್ದರೆ ಕಾರ್ಡ್ ಡ್ರಾಯರಿಗೆ ಹೋಗುವ ಮುಂಚೆ ಶುಲ್ಕಪಟ್ಟಿ ನೋಡಿ. ಬಹುಕಾಲ ಬಳಸದ ಕಾರ್ಡ್‌ಗೆ ಶುಲ್ಕ ಕಡಿಯುವ ಬ್ಯಾಂಕುಗಳಿವೆ.